ಚಿಲಕ

ನಮ್ಮ ವರ್ಕ್‌ಶಾಪಿನಲ್ಲಿ ಹೆಂಗಸರು ಹನ್ನೊಂದು ಜನ,
ಕಕ್ಕಸು ಒಂದು.
ಬಾಗಿಲಿದೆ. ಚಿಲಕ ಕಿತ್ತುಹೋಗಿ ಎರಡು ವರ್ಷ.
ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು
ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು.
ಹೀಗೆ ಒಬ್ಬರಿಗೊಬ್ಬರು
ಚಿಲಕವಾಗಿದ್ದೆವು.

ಮಾಚೇನಹಳ್ಳಿ ಗೇಟಿನಲ್ಲಿ ಬಸ್ಸಿಳಿಯುವಾಗಲೇ
ಬಾಯಾರಿಕೆಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತೇವೆ.
ಫಿಲೋಮಿನಾ ನೀರಿನ ಬಾಟಲಿ ತರುವುದನ್ನೇ ಬಿಟ್ಟಳು.
ಹಾಲಮ್ಮನಿಗೆ ಉರಿಮೂತ್ರ.
ಮೆಗ್ಗಾನ್ ಆಸ್ಪತ್ರೆಯ ಡಾಕ್ಟರಮ್ಮ
ಚೆನ್ನಾಗಿ ನೀರು ಕುಡೀರಿ ಅಂದರಂತೆ.
ಕುಡಿಯೋದೇನು ದೊಡ್ಡದು, ಅಂದಳು ಹಾಲಮ್ಮ,
ಕುಡಿದ ಮೇಲೆ?

ನಾನು ಟರ್ನರ್. ಭದ್ರಾವತಿಯ ಐಟಿಐ,
ಬ್ಯಾಚಿನಲ್ಲಿ ಜಡೆ ಇದ್ದವಳು ನಾನೊಬ್ಬಳೇ.
ಕೆಲಸಕ್ಕೆ ಸೇರಿದ ದಿನ
ಜಡೆ ಟೋಪಿಯೊಳಗೆ ಹೋಯಿತು,
ಸರ್ಟಿಫಿಕೇಟು ಅವರ ಬೀರುವಿನೊಳಗೆ,
ನಾನು ರಿಜಿಸ್ಟರಿನ ಕೊನೆಯ ಹಾಳೆಯೊಳಗೆ:
ಹೆಲ್ಪರ್.

ಸರಿ, ಹೆಲ್ಪು ಮಾಡಿದೆ.
ಹೊಸದಾಗಿ ಬಂದ ಸಂದೇಶನಿಗೆ ಟೂಲು ಕಟ್ಟುವುದು ಕಲಿಸಿದೆ.
ಚಕ್ಕಿನ ಕೀಲಿ ಚಕ್ಕಿನಲ್ಲೇ ಬಿಟ್ಟು ಸ್ವಿಚ್ಚು ಒತ್ತಿದರೆ
ಹಲ್ಲು ಎಣಿಸಬೇಕಾಗುತ್ತೆ ಮಾರಾಯ ಎಂದು ಗದರಿದೆ.
ವರ್ಷ ತುಂಬುವುದರೊಳಗೆ ಅವನು ಆಪರೇಟರ್,
ದಿನಕ್ಕೆ ಆರುನೂರ ಎಪ್ಪತ್ತು.
ನನಗೆ ನಾನೂರ ಇಪ್ಪತ್ತು,
ಜೊತೆಗೆ ಆಯುಧಪೂಜೆಯ ದಿನ ಲೇತಿಗೆ ಕುಂಕುಮ ಇಡುವ ಗೌರವ.
ಹುಡುಗ ಕೆಟ್ಟವನಲ್ಲ.
ಅಳತೆ ತಪ್ಪಿದಾಗ ಇವತ್ತಿಗೂ
ಅಕ್ಕಾ, ಸ್ವಲ್ಪ ಬಾ, ಅನ್ನುತ್ತಾನೆ.

ನಕ್ಷೆಯಲ್ಲಿ ಪ್ರತಿ ಅಳತೆಯ ಪಕ್ಕ
ಟಾಲರೆನ್ಸ್ ಅಂತ ಒಂದು ಅಂಕಿ ಇರುತ್ತದೆ.
ನಮ್ಮ ಮೇಷ್ಟ್ರು ಅದನ್ನು ಸಹನೆ ಎನ್ನುತ್ತಿದ್ದರು.
ಕೂದಲೆಳೆಯಲ್ಲಿ ಅರ್ಧದಷ್ಟು ಹೆಚ್ಚುಕಮ್ಮಿ ಆಗಬಹುದು,
ಅದರಾಚೆ ಹೋದರೆ ಗುಜರಿ.
ಕಬ್ಬಿಣಕ್ಕೂ ಇಷ್ಟೇ ಅಂತ ಬರೆದಿದ್ದಾರೆ.
ನಮ್ಮ ಪಕ್ಕ ಅಂಕಿ ಬರೆಯಲಿಲ್ಲ,
ಕ್ಷಮಯಾ ಧರಿತ್ರೀ ಅಂದುಬಿಟ್ಟರು.

ಆ ಶನಿವಾರ ಮುಮ್ತಾಜ್ ಒಳಗಿದ್ದಳು.
ಚಿಲಕ ನಾನು.
ಬೂಟಿನ ಲೇಸು ಬಿಚ್ಚಿತ್ತೆಂದು ಬಗ್ಗಿದೆ, ಅಷ್ಟೇ,
ಲೋಡಿಗೆ ಬಂದ ಲಾರಿಯವನು ಬಾಗಿಲು ನೂಕಿದ.
ಅವನೂ ಬೆಚ್ಚಿದ, ಸಾರಿ ಅಂದ.
ಮುಮ್ತಾಜ್ ಸಂಜೆಯವರೆಗೆ ಯಾರ ಜೊತೆಯೂ ಮಾತಾಡಲಿಲ್ಲ,
ನನ್ನ ಜೊತೆ ಮೂರು ದಿನ.

ನಾಲ್ಕನೆಯ ದಿನ, ಊಟದ ಬೆಲ್ಲಾದಾಗ
ಗುಜರಿ ರಾಶಿಯಿಂದ ಗೇಣುದ್ದದ ಒಂದು ತುಂಡು ಹೆಕ್ಕಿದೆ.
ಮೂರನೇ ನಂಬರಿನ ಲೇತು.
ಒತ್ತಿದ ಚಕ್ಕುಲಿಯ ಹಾಗೆ
ಬಿಸಿ ಬಿಸಿ ಸುರುಳಿ ತಟ್ಟೆಗೆ ಬಿತ್ತು.
ಡಬ್ಬಿಯ ಚಿತ್ರಾನ್ನ ಹಾಗೇ ಉಳಿಯಿತು.
ಬೆಲ್ಲು ಮತ್ತೆ ಆಗುವ ಮೊದಲು
ಬಾಗಿಲಿಗೆ ನಾಲ್ಕು ಸ್ಕ್ರೂ ಹಾಕಿ ಮುಗಿಸಿದ್ದೆ.

ಸೋಮವಾರ ಮೆಮೊ:
'ಟಿ. ರೇಣುಕಾಂಬ, ಹೆಲ್ಪರ್. ಸದರಿಯವರು
ಅನುಮತಿಯಿಲ್ಲದೆ ಲೇತ್ ಯಂತ್ರವನ್ನು ಚಲಾಯಿಸಿ
ಕಂಪನಿಯ ಲೋಹದಿಂದ ಚಿಲಕವೊಂದನ್ನು
ತಯಾರಿಸಿರುವುದು ಕಂಡುಬಂದಿರುತ್ತದೆ.
ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.'

ಎರಡೆರಡು ಸಲ ಓದಿದೆ.
ಆರು ವರ್ಷದಲ್ಲಿ
ನಾನು ಲೇತು ಓಡಿಸುತ್ತೇನೆಂದು
ಅವರು ಬರೆದುಕೊಟ್ಟ ಮೊದಲ ಕಾಗದ.
ಸಹಿ ಇದೆ, ಸೀಲೂ ಇದೆ.

ಗಾಂಧಿ ಬಜಾರಿನಲ್ಲಿ ಇಳಿದು ಲ್ಯಾಮಿನೇಷನ್ ಮಾಡಿಸಿದೆ.
ಮಾರ್ಕ್ಸ್ ಕಾರ್ಡಾ ಮೇಡಂ? ಅಂದ ಜೆರಾಕ್ಸಿನವ.
ಹೂಂ ಅಂದೆ.
ಇಪ್ಪತ್ತು ರೂಪಾಯಿ.

ಸಮಜಾಯಿಷಿ ಇನ್ನೂ ಬರೆದಿಲ್ಲ.
ಇವತ್ತು ಹಾಲಮ್ಮ ಹೋದಳು, ಒಬ್ಬಳೇ.
ಒಳಗಿನಿಂದ ಟಕ್ಕೆಂದಿತು.
ಐದು ನಿಮಿಷ. ಹತ್ತು.
ನನಗೆ ಗಾಬರಿ. ಬಾಗಿಲು ಬಡಿದೆ:
ಏನ್ ಮಾಡ್ತಿದೀಯೇ ಒಳಗೆ?

ಏನಿಲ್ಲ ಕಣೆ.
ಸುಮ್ನೆ ನಿಂತಿದೀನಿ.